ರಾತ್ರಿ ಮಿಕ್ಕಿದ್ದರಲ್ಲಿ ಮರುದಿನದ ಬಟ್ಟಲೂಟ

ಕುಕ್ಕರಿನಲ್ಲಿ ಮಿಕ್ಕ ಅನ್ನ, ಪಾತ್ರೆಯ ತಳದಲ್ಲಿ ಎರಡು ಸೌಟು ಹುಳಿ, ಡಬ್ಬಿಯ ಮೂಲೆಯಲ್ಲಿ ಹುರುಳಿಕಾಯಿ ಪಲ್ಯ. ಮರುದಿನ ಇವೆಲ್ಲವನ್ನೂ ಒಂದೇ ಬಾಣಲೆಗೆ ಸುರಿದು ಬಿಸಿ ಮಾಡಿದರೆ ಹೊಟ್ಟೆ ತುಂಬುತ್ತದೆ, ಆದರೆ ಯಾವುದರ ರುಚಿಯೂ ಉಳಿಯುವುದಿಲ್ಲ. ಅದೇ ಪದಾರ್ಥಗಳನ್ನು ಬೇರೆಬೇರೆಯಾಗಿ ಬಿಸಿ ಮಾಡಿ, ಅಗಲವಾದ ಬಟ್ಟಲಿನಲ್ಲಿ ಪಕ್ಕಪಕ್ಕಕ್ಕೆ ಬಡಿಸಿ, ಜೊತೆಗೆ ಒಂದು ಹಸಿ ಪದಾರ್ಥ, ಒಂದಿಷ್ಟು ಹುಳಿ, ಒಂದಿಷ್ಟು ಗರಿಗರಿ ಸೇರಿಸಿದರೆ ಹತ್ತು ಹನ್ನೆರಡು ನಿಮಿಷದಲ್ಲಿ ಊಟ ಸಿದ್ಧ. ಬಾಳೆಎಲೆಯ ಮೇಲೆ ಕೋಸಂಬರಿಗೆ, ಪಲ್ಯಕ್ಕೆ, ಗೊಜ್ಜಿಗೆ ಅದರದರ ಜಾಗ ಇರುವ ಹಾಗೆಯೇ ಇದು. ಕಲಸುವುದು ತಿನ್ನುವವರ ಕೈಗೆ ಬಿಟ್ಟದ್ದು.

ಈ ಬಟ್ಟಲು ಚೆನ್ನಾಗುವುದೋ ಕೆಡುವುದೋ ತೀರ್ಮಾನವಾಗುವುದು ಹಿಂದಿನ ರಾತ್ರಿ, ಊಟ ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ. ಅದಕ್ಕೇ ಮೊದಲು ಆ ಕೆಲಸ.

ಊಟ ಮುಗಿದ ಕೂಡಲೇ

ಮಿಕ್ಕ ಅನ್ನವನ್ನು ಕುಕ್ಕರಿನಲ್ಲೇ ಮುಚ್ಚಿಟ್ಟು ಮಲಗಬೇಡಿ. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೇಯುವಾಗಿನ ಬಿಸಿಯಲ್ಲೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಮೊಳೆತು, ಬೆಳೆದು, ವಿಷವನ್ನು ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. 'ಬೆಳಗ್ಗೆ ಚೆನ್ನಾಗಿ ಬಿಸಿ ಮಾಡಿದೆವಲ್ಲ' ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಇಂಥ ಅನ್ನ ತಿಂದವರಿಗೆ ಸಾಮಾನ್ಯವಾಗಿ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ವಾಸನೆ, ಬಣ್ಣ, ರುಚಿ ಯಾವುದರಲ್ಲೂ ಸುಳಿವು ಸಿಗದೆ ಹೋಗಬಹುದು.

ಮಾಡಬೇಕಾದದ್ದು ಇಷ್ಟು. ಅನ್ನವನ್ನು ಅಗಲವಾದ ಹರಿವಾಣಕ್ಕೋ ಸ್ಟೀಲ್ ತಟ್ಟೆಗೋ ಸುರಿದು ಒಂದು ಬೆರಳು ದಪ್ಪಕ್ಕೆ ಹರಡಿ. ಸೌಟಿನ ಹಿಂಬದಿಯಿಂದ ಒತ್ತಬೇಡಿ, ಅಗುಳು ಒಡೆದು ಅಂಟಾಗುತ್ತದೆ. ಫೋರ್ಕಿನಿಂದಲೋ ಸೌಟಿನ ಹಿಡಿಯಿಂದಲೋ ಕೆದರಿ ಬಿಡಿಸಿ. ಫ್ಯಾನಿನ ಕೆಳಗೆ ಇಪ್ಪತ್ತು ನಿಮಿಷ ಸಾಕು, ಹಬೆ ನಿಂತು ಮೇಲ್ಮೈ ಒಣಗುತ್ತದೆ. ಮೂರು ಲೋಟ ಅನ್ನಕ್ಕೆ ಒಂದು ಚಿಕ್ಕ ಚಮಚ ಎಣ್ಣೆ ಸವರಿದರೆ ಸೋನಾ ಮಸೂರಿಯಂಥ ಅಕ್ಕಿ ಬೆಳಗ್ಗೆ ಗಟ್ಟಿ ಹೆಂಟೆ ಕಟ್ಟುವುದಿಲ್ಲ. ಆಮೇಲೆ ಆಳವಾದ ಪಾತ್ರೆಯ ಬದಲು ಚಪ್ಪಟೆ ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ಫ್ರಿಜ್ಜಿಗಿಡಿ. ಆಳದ ಪಾತ್ರೆಯಲ್ಲಿ ನಡುವಿನ ಅನ್ನ ತಣ್ಣಗಾಗಲು ತುಂಬಾ ಹೊತ್ತು ಬೇಕು. ಬೆಂದ ಅನ್ನ ಒಂದರಿಂದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ಫ್ರಿಜ್ಜಿನ ಒಳಗೆ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಮರುದಿನವೇ ತಿಂದು ಮುಗಿಸಬೇಕು. ರಾತ್ರಿ ಒಂಬತ್ತಕ್ಕೆ ಊಟ, ಹನ್ನೊಂದರವರೆಗೆ ಮಾತು, ಆಮೇಲೆ ನೆನಪಾಯಿತು ಅನ್ನುವ ದಿನ ಆ ಅನ್ನವನ್ನು ಬಟ್ಟಲಿಗೆ ಲೆಕ್ಕ ಹಿಡಿಯಬೇಡಿ.

'ಹಾಗಾದರೆ ತಂಗಳನ್ನ?' ಎಂದು ಕೇಳುವವರಿದ್ದಾರೆ. ತಂಗಳನ್ನ ಬೇರೆಯೇ ವಿಧಾನ: ಅನ್ನ ಆರಿದ ಕೂಡಲೇ ಅದು ಮುಳುಗುವಷ್ಟು ನೀರು ಹಾಕಿ, ಒಂದು ಚಮಚ ಮಜ್ಜಿಗೆ ಬಿಟ್ಟು ಹುಳಿ ಬರಿಸುತ್ತಾರೆ. ಆ ಹುಳಿಯೇ ಅದರ ಕಾವಲು. ಕುಕ್ಕರಿನಲ್ಲಿ ಮರೆತ ಒಣ ಅನ್ನಕ್ಕೆ ಆ ಕಾವಲು ಇಲ್ಲ. ತಂಗಳನ್ನ ಲೋಳೆ ಬಂದಿದ್ದರೆ, ಮಜ್ಜಿಗೆಯ ಹುಳಿವಾಸನೆ ಬಿಟ್ಟು ಬೇರೆ ವಾಸನೆ ಇದ್ದರೆ ಚೆಲ್ಲಿ. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ, ಕಾಯಿಲೆಯಿಂದ ಏಳುತ್ತಿರುವವರಿಗೆ ಅದನ್ನು ಕೊಡದಿರುವುದೇ ಲೇಸು.

ಪಲ್ಯ, ಹುಳಿಗಳದ್ದೂ ಇದೇ ನಿಯಮ. ಅದರಲ್ಲೂ ತೆಂಗಿನಕಾಯಿ ರುಬ್ಬಿ ಹಾಕಿದ್ದು ಬಲು ಬೇಗ ಹಳಸುತ್ತದೆ. ಕಾಯಿ ಚಟ್ನಿ, ಕೂಟು, ಮಜ್ಜಿಗೆಹುಳಿ ಮೊದಲು ಫ್ರಿಜ್ಜಿಗೆ ಹೋಗಲಿ, ಅನ್ನ ಆರುತ್ತಿರಲಿ. ಕೋಸಂಬರಿಗೆ ಉಪ್ಪು, ನಿಂಬೆ ಹಾಕುವ ಮೊದಲೇ ನಾಳೆಯ ಪಾಲನ್ನು ತೆಗೆದಿಟ್ಟುಕೊಳ್ಳಿ. ಉಪ್ಪು ಬಿದ್ದ ಸೌತೆಕಾಯಿ ರಾತ್ರಿಯಿಡೀ ನೀರು ಬಿಟ್ಟು ಬಾಡುತ್ತದೆ.

ಧಾನ್ಯಕ್ಕೆ ಮತ್ತೆ ಜೀವ

ಫ್ರಿಜ್ಜಿನಿಂದ ತೆಗೆದ ಅನ್ನ ಬಿರುಸಾಗಿರುತ್ತದೆ. ತಣ್ಣಗಾದಾಗ ಅದರ ಪಿಷ್ಟ ಮತ್ತೆ ಬಿಗಿದುಕೊಳ್ಳುವುದೇ ಕಾರಣ, ಅನ್ನ ಕೆಟ್ಟಿದೆ ಎಂದಲ್ಲ. ನೀರು, ಹಬೆ ಎರಡೂ ಸಿಕ್ಕರೆ ಅದು ಮೆತ್ತಗಾಗುತ್ತದೆ. ಒಬ್ಬರ ಪಾಲಿಗೆ ಒಂದು ಲೋಟದಷ್ಟು, ಸುಮಾರು 150 ಗ್ರಾಂ ಅನ್ನ. ಕೈಯಿಂದ ಹೆಂಟೆ ಬಿಡಿಸಿ, ಒಂದು ದೊಡ್ಡ ಚಮಚ ನೀರು ಚಿಮುಕಿಸಿ, ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಇಡಿ. ಮೈಕ್ರೋವೇವ್ ಆದರೆ ಮುಚ್ಚಿ ಒಂದು ನಿಮಿಷ, ತೆಗೆದು ಕೆದರಿ, ಮತ್ತೆ ಮುಕ್ಕಾಲು ನಿಮಿಷ. ನಡುವಿನ ಅಗುಳಿನಿಂದಲೂ ಹಬೆ ಏಳಬೇಕು. ಬಿಸಿ ಮಾಡುವುದು ಒಂದೇ ಸಲ. ಹಾಗಾಗಿ ತಿನ್ನುವಷ್ಟನ್ನು ಮಾತ್ರ ಹೊರಗೆ ತೆಗೆಯಿರಿ.

ತಣಿದ ಅನ್ನದಲ್ಲಿ ಬೇಗ ಜೀರ್ಣವಾಗದ ಪಿಷ್ಟ ಸ್ವಲ್ಪ ಹೆಚ್ಚುವುದು ನಿಜ. ಆದರೆ ಸಕ್ಕರೆ ಕಾಯಿಲೆ ಇದ್ದವರು ಅದನ್ನೇ ನಂಬಿ ಎರಡು ಬಟ್ಟಲು ತಿಂದರೆ ಪ್ರಯೋಜನವಿಲ್ಲ. ಅನ್ನದ ಅಳತೆ, ಪಕ್ಕದಲ್ಲಿರುವ ಕಾಳು ಮತ್ತು ತರಕಾರಿಯ ಅಳತೆ ಇವೇ ಹೆಚ್ಚು ಮುಖ್ಯ.

ಸಿರಿಧಾನ್ಯಗಳು ತಣ್ಣಗಾದಾಗ ಅಕ್ಕಿಗಿಂತ ಹೆಚ್ಚು ಒಣಗುತ್ತವೆ. ನವಣೆ, ಸಾಮೆ, ಹಾರಕ ಯಾವುದೇ ಇರಲಿ, ಕನಿಷ್ಠ ಅರ್ಧ ಗಂಟೆ ನೆನೆಸಿ, ಒಂದು ಲೋಟಕ್ಕೆ ಎರಡೂವರೆ ಲೋಟ ನೀರಿಟ್ಟು ಬೇಯಿಸಿ, ಒಲೆ ಆರಿಸಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯದೆ ಬಿಟ್ಟು ಆಮೇಲೆ ಕೆದರಿ. ಮಾರನೆಯ ದಿನ ಇವನ್ನು ಬಾಣಲೆಯಲ್ಲಿ ಬಿಸಿ ಮಾಡಿದರೆ ಬಾಯಿಗೆ ಮರಳಿನಂತೆ ಸಿಗುತ್ತದೆ. ಇಡ್ಲಿ ಪಾತ್ರೆಯೇ ಸರಿಯಾದ ಜಾಗ: ತಟ್ಟೆಗೆ ಒದ್ದೆ ಬಟ್ಟೆ ಹಾಸಿ, ಧಾನ್ಯ ಹರಡಿ, ಐದು ನಿಮಿಷ ಹಬೆ. ಬೆಂದದ್ದು ಕಹಿ ಅನ್ನಿಸಿದರೆ ತಪ್ಪು ಒಲೆಯದ್ದಲ್ಲ. ಹೊಟ್ಟಿನಲ್ಲಿರುವ ಎಣ್ಣೆಯಂಶ ಹಳತಾಗಿ ಕಮಟಿದೆ ಎಂದರ್ಥ. ತವುಡು ಉಳಿದ ಸಿರಿಧಾನ್ಯವನ್ನು ಒಂದೆರಡು ತಿಂಗಳಿಗೆ ಆಗುವಷ್ಟೇ ತಂದು, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ.

ಕರಾವಳಿಯ ಕುಚ್ಚಲಕ್ಕಿ ಅನ್ನ ಬಟ್ಟಲೂಟಕ್ಕೆ ಹೇಳಿ ಮಾಡಿಸಿದ್ದು. ಅಗುಳು ದಪ್ಪ, ಬಿಡಿಬಿಡಿ, ಮೇಲೆ ಎಷ್ಟು ರಸ ಬಿದ್ದರೂ ಕರಗುವುದಿಲ್ಲ. ಮಿಕ್ಕ ಮುದ್ದೆಯನ್ನು ಎಸೆಯುವವರಿದ್ದಾರೆ, ಬೇಡ. ತಣಿದ ರಾಗಿಮುದ್ದೆ ಚಾಕುವಿಗೆ ಚೆನ್ನಾಗಿ ಸಿಗುತ್ತದೆ. ಒದ್ದೆ ಚಾಕುವಿನಿಂದ ಬೆರಳ ತುದಿಯಷ್ಟು ತುಂಡು ಮಾಡಿ, ಆರೇಳು ನಿಮಿಷ ಹಬೆಯಲ್ಲಿಟ್ಟರೆ ಒಳಗಿನವರೆಗೂ ಮೆತ್ತಗಾಗುತ್ತದೆ. ನೇರವಾಗಿ ಸಾರಿನಲ್ಲಿ ಹಾಕಿ ಕುದಿಸಿದರೆ ಅಂಚು ಕರಗಿ ಸಾರು ಗಂಜಿಯಾಗುತ್ತದೆ, ಒಳಗೆ ಗಟ್ಟಿಯೇ ಇರುತ್ತದೆ. ಬೇಸಿಗೆಯಾದರೆ ಒಂದು ಮುದ್ದೆಗೆ ಒಂದೂವರೆ ಲೋಟ ಮಜ್ಜಿಗೆ ಹಾಕಿ ಕೈಯಲ್ಲೇ ಕಿವುಚಿ, ಉಪ್ಪು ಬೆರೆಸಿ, ಮೇಲೆ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಹಾಕಿದರೆ ಒಲೆಯೇ ಹಚ್ಚದೆ ಬಟ್ಟಲು ಸಿದ್ಧ. ಒಣಗಿದ ಜೋಳದ ರೊಟ್ಟಿಯನ್ನು ಮುರಿದು ಮೇಲಿನ ಗರಿಗರಿಗೆ ಬಳಸಿ, ಹಪ್ಪಳದ ಅಗತ್ಯ ಬೀಳುವುದಿಲ್ಲ.

ಅಳತೆ

ಒಬ್ಬರಿಗೆ ಮುಕ್ಕಾಲು ಲೀಟರ್ ಹಿಡಿಯುವ ಅಗಲ ಬಟ್ಟಲು ತೆಗೆದುಕೊಳ್ಳಿ. ಕಿರಿದಾದ, ಆಳದ ಬಟ್ಟಲಾದರೆ ಕೆಳಗಿನದು ನೆನೆದು ಮುದ್ದೆಯಾಗುತ್ತದೆ. ಬೆಂದ ಧಾನ್ಯ ಒಂದು ಲೋಟ, ಕಾಳು ಅಥವಾ ಬೇಳೆ ಅರ್ಧ ಲೋಟ, ಪಲ್ಯ ಮತ್ತು ಹಸಿ ತರಕಾರಿ ಸೇರಿ ಒಂದೂವರೆ ಲೋಟ, ರಸವಾಗಿ ಮೊಸರು, ತಂಬುಳಿ ಅಥವಾ ಗಟ್ಟಿ ಹುಳಿ ನಾಲ್ಕು ದೊಡ್ಡ ಚಮಚ, ಗರಿಗರಿಗೆ ಒಂದೂವರೆ ಚಮಚ. ಲೋಟ ಎಂದರೆ 200 ಮಿಲಿಲೀಟರ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದೂ ದಿನದ ತಟ್ಟೆಯ ಅರ್ಧ ಭಾಗ ತರಕಾರಿ, ಹಣ್ಣುಗಳಿರಲಿ ಎಂದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಲೆಕ್ಕ ತಿರುಗಿರುತ್ತದೆ, ಅನ್ನ ಅರ್ಧಕ್ಕಿಂತ ಹೆಚ್ಚು, ಪಲ್ಯ ನಂಚಿಕೊಳ್ಳಲು. ಬಟ್ಟಲೂಟದ ಮುಖ್ಯ ಲಾಭ ಈ ಲೆಕ್ಕ ಸರಿಹೋಗುವುದೇ.

ಕಾಳನ್ನು ಬಿಟ್ಟುಬಿಡಬೇಡಿ. 150 ಗ್ರಾಂ ಅನ್ನದಲ್ಲಿ ಪ್ರೋಟೀನ್ ನಾಲ್ಕು ಗ್ರಾಂ ಆಸುಪಾಸು. ಅರ್ಧ ಲೋಟ ಬೆಂದ ಹೆಸರುಕಾಳು ಇನ್ನೂ ಆರೇಳು ಗ್ರಾಂ ಕೊಡುತ್ತದೆ. ಹಬ್ಬದ ಉಸಲಿ, ಗುಗ್ಗರಿ ಮಿಕ್ಕಿದ್ದರೆ ಅದೇ ಸಾಕು. ಏನೂ ಇಲ್ಲದಿದ್ದರೆ ಎರಡು ಚಮಚ ಹುರಿದ ಶೇಂಗಾ ಜೊತೆಗೆ ಅರ್ಧ ಲೋಟ ಗಟ್ಟಿ ಮೊಸರು, ಅಥವಾ ಒಂದು ಬೇಯಿಸಿದ ಮೊಟ್ಟೆ. ಮೊಳಕೆಕಾಳು ಬಳಸುವವರು ಅದನ್ನು ಮೂರ್ನಾಲ್ಕು ನಿಮಿಷ ಹಬೆಯಲ್ಲಿ ಬೇಯಿಸಿಯೇ ಹಾಕಿ. ಮೊಳಕೆ ಬರಿಸುವ ಬೆಚ್ಚಗಿನ ತೇವವೇ ರೋಗಾಣುಗಳಿಗೂ ಹಿತ.

ಮಿಕ್ಕ ಮೇಲೋಗರದ ಹದ

ಹುಳಿ ರಾತ್ರಿ ಕಳೆಯುವುದರೊಳಗೆ ಮಂದವಾಗುತ್ತದೆ, ಬೇಳೆ ನೀರು ಹೀರುತ್ತದೆ. ಊಟಕ್ಕೆ ನೀರು ಬೆರೆಸಿ ಸಡಿಲಿಸುವುದು ರೂಢಿ. ಬಟ್ಟಲಿಗೆ ತದ್ವಿರುದ್ಧ ಮಾಡಿ: ಒಂದು ಸೌಟು ಹುಳಿಯನ್ನು ಚಿಕ್ಕ ಬಾಣಲೆಯಲ್ಲಿ ಮೂರ್ನಾಲ್ಕು ನಿಮಿಷ ಕುದಿಸಿ, ಚಮಚದ ಬೆನ್ನಿಗೆ ಅಂಟುವ ಹಾಗೆ ಗಟ್ಟಿ ಮಾಡಿ, ಗೊಜ್ಜಿನಂತೆ ಒಂದು ಬದಿಗೆ ಹಾಕಿ. ತೆಳು ಹುಳಿ ಸುರಿದರೆ ಕೋಸಂಬರಿಯಿಂದ ಹಿಡಿದು ಎಲ್ಲವೂ ಒಂದೇ ರುಚಿಯಾಗುತ್ತದೆ. ಗಟ್ಟಿಯಾದಂತೆ ಉಪ್ಪೂ ಏರುತ್ತದೆ ಎಂಬುದು ನೆನಪಿರಲಿ.

ಮಜ್ಜಿಗೆಹುಳಿಯನ್ನು ಕುದಿಸಬೇಡಿ, ಒಡೆಯುತ್ತದೆ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ತಕ್ಷಣ ಇಳಿಸಿ. ಕಾಯಿಚಟ್ನಿ ಬಿಸಿ ಮಾಡುವುದೇ ಬೇಡ, ತಣ್ಣಗೇ ಇರಲಿ. ಎಲೆಕೋಸು, ಹುರುಳಿಕಾಯಿ, ಕ್ಯಾರೆಟ್ ಪಲ್ಯಗಳನ್ನು ಕಾದ ಕಬ್ಬಿಣದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ, ದೊಡ್ಡ ಉರಿಯಲ್ಲಿ ಎರಡು ನಿಮಿಷ ಆಡಿಸಿ. ಫ್ರಿಜ್ಜಿನಲ್ಲಿ ಬಿಟ್ಟ ನೀರು ಆರಿ, ಅಂಚು ಸ್ವಲ್ಪ ಕೆಂಪಾಗಿ, ಮೊದಲ ದಿನಕ್ಕಿಂತ ಒಂದು ಕೈ ಮೇಲೆನ್ನಿಸುತ್ತದೆ. ಬೆಂಡೆಕಾಯಿ ಲೋಳೆಯಾಗಿದ್ದರೆ ಮುಚ್ಚಳ ಹಾಕಬೇಡಿ, ನಾಲ್ಕು ಹನಿ ಹುಣಸೆರಸ ಬಿಟ್ಟು ಒಣಗಿಸಿ. ಬದನೆಕಾಯಿ ಎಣ್ಣೆಗಾಯಿ ಮಾತ್ರ ಏನೂ ಮಾಡಿಸಿಕೊಳ್ಳದೆ ಮರುದಿನ ಇನ್ನೂ ರುಚಿ, ಬರೀ ಬಿಸಿ ಮಾಡಿ ಬಡಿಸಿ.

ಈ ಊಟದಲ್ಲಿ ಎಲ್ಲರೂ ಮಾಡುವ ತಪ್ಪು ಉಪ್ಪಿನದು. ಪಲ್ಯದಲ್ಲಿ ಉಪ್ಪಿದೆ, ಹುಳಿಯಲ್ಲಿದೆ, ಚಟ್ನಿಪುಡಿಯಲ್ಲಿದೆ, ಉಪ್ಪಿನಕಾಯಿಯಂತೂ ಉಪ್ಪೇ. ಒಂದೊಂದೂ ತನ್ನ ಪಾಲಿಗೆ ಸರಿಯಿದ್ದರೂ ಬಟ್ಟಲಿನಲ್ಲಿ ಕೂಡಿದಾಗ ಹೆಚ್ಚಾಗುತ್ತದೆ. ಇಡೀ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ಉಪ್ಪು ಮೇಲಿನ ಮಿತಿ. ಆದ್ದರಿಂದ ಧಾನ್ಯಕ್ಕೆ ಉಪ್ಪು ಬೇಡ, ಕೋಸಂಬರಿಗೆ ಬೇಡ, ಮೊಸರಿಗೂ ಬೇಡ. ಎಲ್ಲದರದ್ದೂ ಒಂದೊಂದು ತುತ್ತು ಸೇರಿಸಿ ತಿಂದು ನೋಡಿ, ಸಪ್ಪೆ ಅನ್ನಿಸಿದರೆ ಮೊದಲು ನಿಂಬೆ ಹಿಂಡಿ. ಹುಳಿ ತಾಗಿದ ಮೇಲೆ ಉಪ್ಪಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ.

ಹೊಸದಾಗಿ ಮಾಡಬೇಕಾದ ಒಂದೇ ಒಂದು

ಬಟ್ಟಲಿನಲ್ಲಿ ಎಲ್ಲವೂ ನಿನ್ನೆಯದಾದರೆ ನಾಲಿಗೆಗೆ ಗೊತ್ತಾಗುತ್ತದೆ. ಒಂದು ಪದಾರ್ಥವಾದರೂ ಈಗಷ್ಟೇ ಮಾಡಿದ್ದಿರಲಿ. ಸುಲಭದ್ದು ಕೋಸಂಬರಿ: ಎರಡು ಚಮಚ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ಬಸಿದು, ಒಂದು ಎಳೆ ಸೌತೆಕಾಯಿ ಹೆಚ್ಚಿ, ಒಂದು ಚಮಚ ಕಾಯಿತುರಿ, ಕೊತ್ತಂಬರಿ, ನಿಂಬೆ ಹಾಕಿದರೆ ಆಯಿತು. ಬೇಳೆ ನೆನೆಸಲು ಮರೆತಿದ್ದರೆ ತುರಿದ ಕ್ಯಾರೆಟ್, ಮೂಲಂಗಿ, ಹೆಚ್ಚಿದ ಈರುಳ್ಳಿ ಸಾಕು.

ಮೊಸರಿಗಿಂತ ಒಂದು ಹೆಜ್ಜೆ ಮೇಲೆ ತಂಬುಳಿ. ಹತ್ತು ಹನ್ನೆರಡು ದೊಡ್ಡಪತ್ರೆ ಎಲೆಯನ್ನು ಅರ್ಧ ಚಮಚ ತುಪ್ಪದಲ್ಲಿ ಬಾಡಿಸಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಎರಡು ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ. ಊಟದ ತಂಬುಳಿಗೆ ಮಜ್ಜಿಗೆ ಬೆರೆಸುತ್ತೇವೆ. ಬಟ್ಟಲಿಗೆ ಅರ್ಧ ಲೋಟ ಗಟ್ಟಿ ಮೊಸರಲ್ಲೇ ಕಲಸಿ, ಆಗ ಹರಿಯದೆ ನಿಲ್ಲುತ್ತದೆ. ಎಲೆ ಬಿಸಿಯಿರುವಾಗ ಮೊಸರಿಗೆ ಹಾಕಿದರೆ ಮೊಸರು ನೀರೊಡೆಯುತ್ತದೆ, ಆರಿಸಿ ರುಬ್ಬಿ. ಒಂದೆಲಗದ ತಂಬುಳಿಯನ್ನೂ ಹೀಗೇ ಮಾಡಬಹುದು, ಎಲೆ ಬಾಡಿಸದೆ ಹಸಿಯಾಗಿಯೇ ರುಬ್ಬುವುದು ವಾಡಿಕೆ.

ಕೊನೆಗೆ ಒಗ್ಗರಣೆ. ಒಂದು ಚಿಕ್ಕ ಚಮಚ ಎಣ್ಣೆ, ಕಾಲು ಚಮಚ ಸಾಸಿವೆ, ಚಿಟಿಕೆ ಇಂಗು, ಕರಿಬೇವು. ಸಾಸಿವೆ ಸಿಡಿದು ನಿಲ್ಲುವ ಹೊತ್ತಿಗೆ ಒಲೆ ಆರಿಸಿ, ಆಮೇಲೆ ಇಂಗು ಹಾಕಿ. ಇಂಗು ಸೀದರೆ ಇಡೀ ಬಟ್ಟಲು ಕಹಿ.

ಜೊತೆ ಕೂಡುವ ಕೆಲವು ಬಟ್ಟಲುಗಳು

ಹಳೆ ಮೈಸೂರು ಕಡೆಯ ಬಸ್ಸಾರಿನ ಮಾರನೆಯ ದಿನ ನಿಜಕ್ಕೂ ಅದೃಷ್ಟದ ದಿನ. ಸೊಪ್ಪು, ಕಾಳು ಒಟ್ಟಿಗೆ ಬೆಂದ ಪಲ್ಯ ಇದೆ, ಬಸಿದ ನೀರಿನ ಸಾರು ಇದೆ. ಬೇರೇನೂ ಹುಡುಕಬೇಕಿಲ್ಲ. ಹಬೆಯಲ್ಲಿಟ್ಟ ಮುದ್ದೆ ತುಂಡು ಒಂದು ಲೋಟ, ಅದರ ಪಕ್ಕ ಒಂದೂವರೆ ಲೋಟ ಪಲ್ಯ, ಹೊಸದಾಗಿ ಹೆಚ್ಚಿದ ಈರುಳ್ಳಿ, ನಿಂಬೆ. ಸಾರನ್ನು ಬೇರೆ ಲೋಟದಲ್ಲಿ ಬಿಸಿಯಾಗಿ ಕೊಡಿ, ತುತ್ತಿಗೆ ಬೇಕಾದಷ್ಟು ಬಿಟ್ಟುಕೊಳ್ಳಲಿ. ಅಲಸಂದೆ, ಹೆಸರುಕಾಳು, ಹುರುಳಿಕಾಳು ಯಾವುದಾದರೂ ನಡೆಯುತ್ತದೆ. ಹುರುಳಿಯಾದರೆ ಕಾಳು ಮರುದಿನ ಇನ್ನಷ್ಟು ಗಟ್ಟಿ ಅನ್ನಿಸುತ್ತದೆ, ಎರಡು ಚಮಚ ಸಾರು ಚಿಮುಕಿಸಿ ಮುಚ್ಚಿ ಬಿಸಿ ಮಾಡಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹೆಸರಿಗಷ್ಟೇ. ಅದಕ್ಕಾಗಿಯಾದರೂ ಮಿಕ್ಕ ಮುದ್ದೆಯನ್ನು ತಿಪ್ಪೆಗೆ ಹಾಕಬೇಡಿ.

ಉತ್ತರ ಕರ್ನಾಟಕದ ಮನೆಗಳಲ್ಲಿ ಮಿಕ್ಕ ಜೋಳದ ನುಚ್ಚಿದ್ದರೆ ಕಾಲು ಲೋಟ ಬಿಸಿನೀರು ಹಾಕಿ ಸಡಿಲಿಸಿ, ಮೇಲೆ ಮಡಿಕೆಕಾಳಿನ ಪಲ್ಯ, ಹಸಿ ಹಕ್ಕರಕಿ ಸೊಪ್ಪು, ಗಟ್ಟಿ ಮೊಸರು, ಒಂದು ಚಮಚ ಶೇಂಗಾ ಹಿಂಡಿ (ಅಂದರೆ ಚಟ್ನಿಪುಡಿ) ಅಥವಾ ಗುರೆಳ್ಳು ಹಿಂಡಿ. ಹಿಂಡಿಯನ್ನು ಮೊಸರಿನ ಮೇಲೆ ಉದುರಿಸಿ, ಬಿಸಿ ನುಚ್ಚಿನ ಮೇಲೆ ಬಿದ್ದರೆ ಹಸಿ ಹಿಡಿದು ಗಂಟಾಗುತ್ತದೆ. ಹಕ್ಕರಕಿಯನ್ನು ಉಪ್ಪುನೀರಿನಲ್ಲಿ ಎರಡು ಸಲ ತೊಳೆದು, ಆಮೇಲೆ ಕುಡಿಯುವ ನೀರಿನಲ್ಲಿ ಜಾಲಿಸಿ.

ಕುಚ್ಚಲಕ್ಕಿ ಅನ್ನಕ್ಕೆ ದೊಡ್ಡಪತ್ರೆ ತಂಬುಳಿ, ಬಾಳೆಕಾಯಿ ಅಥವಾ ಹೀರೆಕಾಯಿ ಪಲ್ಯ, ಬೆಂದ ಹೆಸರುಕಾಳು, ಮುರಿದ ಒಣ ಹಪ್ಪಳ. ನವಣೆಗೆ ಹುರುಳಿಕಾಯಿ ಪಲ್ಯ, ಕೋಸಂಬರಿ, ಮೊಸರು, ಹುರಿದ ಎಳ್ಳು. ಹೊರದೇಶದಲ್ಲಿದ್ದು ಕಿನೋವಾ ಬೇಯಿಸುವವರು ಅದನ್ನೂ ನವಣೆಯಂತೆಯೇ ನಡೆಸಿಕೊಳ್ಳಬಹುದು. ಚಿತ್ರಾನ್ನ, ಪುಳಿಯೋಗರೆ, ಬಿಸಿಬೇಳೆಬಾತ್ ಮಿಕ್ಕಿದ್ದರೆ ಅವನ್ನು ಬಟ್ಟಲಿಗೆ ಎಳೆಯಬೇಡಿ. ಎಣ್ಣೆ, ಉಪ್ಪು, ಹುಳಿ ಎಲ್ಲ ಆಗಲೇ ತುಂಬಿದೆ. ಪಕ್ಕದಲ್ಲಿ ಸಪ್ಪೆ ಮೊಸರು, ಸೌತೆಕಾಯಿ ಇಟ್ಟುಕೊಂಡು ಹಾಗೆಯೇ ತಿನ್ನುವುದು ಚೆಂದ.

ಡಬ್ಬಿಗೆ ಕಟ್ಟುವಾಗ

ಡಬ್ಬಿಯಲ್ಲಿ ಧಾನ್ಯ ಕೆಳಗೆ, ಪಲ್ಯ ಒಂದು ಬದಿ, ಕಾಳು ಇನ್ನೊಂದು ಬದಿ. ರಸವನ್ನೂ ಸೌತೆ, ಟೊಮೆಟೊಗಳನ್ನೂ ಚಿಕ್ಕ ಡಬ್ಬಿಗಳಲ್ಲಿ ಬೇರೆ ಇಡಿ, ಶೇಂಗಾ, ಹಿಂಡಿ ಪೊಟ್ಟಣದಲ್ಲಿ. ಬಿಸಿ ಅನ್ನದ ಮೇಲೆ ಮೊಸರು ಹಾಕಿ ಮುಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿದು ನೀರಾಗಿರುತ್ತದೆ. ಧಾನ್ಯ ಉಗುರುಬೆಚ್ಚಗಿರುವಾಗ ಡಬ್ಬಿ ಮುಚ್ಚುವುದು ಎಲ್ಲಕ್ಕಿಂತ ಕೆಟ್ಟದ್ದು. ಬಿಸಿ ಉಳಿಸುವ ಡಬ್ಬಿಯಿದ್ದರೆ ಮೊದಲು ಅದಕ್ಕೆ ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಹಬೆಯಾಡುವ ಅನ್ನವನ್ನೇ ತುಂಬಿ. ಇಲ್ಲದಿದ್ದರೆ ಫ್ರಿಜ್ಜಿನ ತಣ್ಣನೆಯ ಧಾನ್ಯವನ್ನು ತಣ್ಣಗೇ ತುಂಬಿ, ಕಚೇರಿ ತಲುಪಿದ ಕೂಡಲೇ ಅಲ್ಲಿನ ಫ್ರಿಜ್ಜಿಗಿಟ್ಟು, ಊಟದ ಹೊತ್ತಿಗೆ ಬಿಸಿ ಮಾಡಿಕೊಳ್ಳಿ. ಎರಡೂ ಸಾಧ್ಯವಿಲ್ಲದ ಬೇಸಿಗೆಯ ದಿನ ಮಿಕ್ಕ ಅನ್ನದ ಡಬ್ಬಿ ಬೇಡ, ರೊಟ್ಟಿ ಮತ್ತು ಹಿಂಡಿ ಕಟ್ಟಿ.

ವಾರಕ್ಕೆ ಎರಡು ಮೂರು ಸಲ ಬಟ್ಟಲೂಟ ಮಾಡುವವರು ಧಾನ್ಯವನ್ನು ಫ್ರೀಜರಿನಲ್ಲಿಡುವುದು ಒಳ್ಳೆಯದು. ಆರಿದ ಕೂಡಲೇ 150 ಗ್ರಾಂನಂತೆ ಜಿಪ್ ಚೀಲಗಳಿಗೆ ತುಂಬಿ, ಗಾಳಿ ಒತ್ತಿ ತೆಗೆದು, ಪುಸ್ತಕದಷ್ಟು ಚಪ್ಪಟೆ ಮಾಡಿ ಇಡಿ, ಚೀಲದ ಮೇಲೆ ತಾರೀಖು ಬರೆಯಿರಿ. ಎರಡು ಮೂರು ವಾರ ರುಚಿ ಕೆಡುವುದಿಲ್ಲ. ಕರಗಿಸಲು ಹೊರಗೆ ಇಡಬೇಡಿ, ಹೆಪ್ಪುಗಟ್ಟಿದ್ದನ್ನೇ ಇಡ್ಲಿ ಪಾತ್ರೆಯ ಒದ್ದೆ ಬಟ್ಟೆಯ ಮೇಲೆ ಮುರಿದು ಹಾಕಿ, ಎಂಟು ನಿಮಿಷ ಹಬೆ ಕೊಡಿ. ನವಣೆ, ಸಾಮೆ, ಕುಚ್ಚಲಕ್ಕಿ ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಮುದ್ದೆ ಒಗ್ಗುವುದಿಲ್ಲ, ಕರಗಿದಾಗ ನೀರೊಡೆದು ಪುಡಿಪುಡಿಯಾಗುತ್ತದೆ.